ದನದ ಕೊಟ್ಟಿಗೆಯಲ್ಲಿ ಹಲ್ಲಿನ ಪಾಳಿ

ಅಮೆರಿಕಕ್ಕೆ ಹೋಗಿ ಬಂದೆ ಎಂದ ಕೂಡಲೇ ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಆ ದೊಡ್ಡ ಜಲಪಾತ ನೋಡಿದಿರೇನು? ನೋಡಲಿಲ್ಲ. ಮುಗಿಲು ಮುಟ್ಟುವ ಕಟ್ಟಡಗಳನ್ನೂ ನೋಡಲಿಲ್ಲ. ಆರು ವಾರ ಒಂದೇ ಸಣ್ಣ ಊರಿನಲ್ಲಿ, ಗೆಳತಿಯ ಮನೆಯಲ್ಲಿ ಇದ್ದೆ. ಅಲ್ಲಿ ಕಂಡದ್ದನ್ನು ಬಾಯಿಂದ ಹೇಳಿದರೆ ಯಾರೂ ನಂಬುವುದಿಲ್ಲ. "ಅಮೆರಿಕಾದಾಗ ಹಂಗೆಲ್ಲ ಇರ್ತೈತೇನ್ರಿ ಬಾಯಾರ?" ಎಂದು ನಗುತ್ತಾರೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

'ಬಾಯಾರ' ಎಂದರೆ ನರ್ಸು. ಮೂವತ್ತೊಂದು ವರ್ಷ ಸರಕಾರದ ಹಳ್ಳಿ ನರ್ಸ್ ಆಗಿದ್ದೆ, ಬಹುಪಾಲು ಹೆಬ್ಬಳ್ಳಿ ಸುತ್ತಮುತ್ತ. ಗಿರಿಜಾ ಎಂಬ ಹೆಸರು ನನಗೆ ಇದೆ ಎನ್ನುವುದು ಪಗಾರದ ದಿನ ಮಾತ್ರ ನೆನಪಾಗುತ್ತಿತ್ತು. ಗೆಳತಿ ಪ್ರಮೀಳಾ ನನ್ನೊಡನೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು. ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆ. ಮದುವೆಯಾಗಿ ಅಮೆರಿಕಕ್ಕೆ ಹೋದವಳು ಅಲ್ಲಿಯ ಪರೀಕ್ಷೆ ಪಾಸು ಮಾಡಿ, ಇಪ್ಪತ್ತಾರು ವರ್ಷದಿಂದ ಒಂದು ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ನರ್ಸ್ ಆಗಿದ್ದಳು. ಅಲ್ಲಿಯ ಜಿಲ್ಲೆ ಎಂದರೆ ನಮ್ಮ ತಾಲೂಕಿಗಿಂತ ಸಣ್ಣದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ನಾನು ನಿವೃತ್ತಳಾದ ದಿನವೇ ಫೋನು ಮಾಡಿ, "ಇನ್ನ ಯಾವ ನೆಪಾನೂ ಇಲ್ಲ ನಿನಗ, ಬಾ" ಎಂದಿದ್ದಳು. ಊರಿನ ಹೆಸರು ಬರೆಯಬೇಡ ಎಂದಿದ್ದಾಳೆ, ಬರೆಯುವುದಿಲ್ಲ. ಅಮೆರಿಕದ ನಟ್ಟನಡುವೆ ಎಲ್ಲೋ ಇದೆ, ಅಷ್ಟು ಸಾಕು.

ಮೊದಲನೆಯ ದಿನ

ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ನನ್ನ ಚೀಲದ ಮುಂದೆ ಬಂದು ಕುಳಿತುಬಿಟ್ಟಿತು. ಏಳಲೊಲ್ಲದು. ಸಮವಸ್ತ್ರದ ಹೆಣ್ಣುಮಗಳು ಚೀಲ ಬಿಚ್ಚಿಸಿದಳು. ಪ್ರಮೀಳಾಗೆಂದು ಒಯ್ದಿದ್ದ ಗುರೆಳ್ಳು ಚಟ್ನಿಪುಡಿ, ಕೆಂಪು ಖಾರ, ಒಣಗಿಸಿದ ಮಜ್ಜಿಗೆ ಮೆಣಸಿನಕಾಯಿ ಒಂದೊಂದೇ ಮೇಜಿನ ಮೇಲೆ ಬಂದವು. ಆಕೆ ಖಾರದ ಗಂಟು ಬಿಚ್ಚಿ ಮೂಗಿನ ಹತ್ತಿರ ಒಯ್ದದ್ದೇ ತಡ, ಏಳೆಂಟು ಸೀನು. ಪಾಪ, ಕಣ್ಣಲ್ಲಿ ನೀರು. ಮೆಣಸಿನಕಾಯಿ ಇಟ್ಟುಕೊಂಡು ಉಳಿದದ್ದು ಕೊಟ್ಟಳು. ಹೋಗುವಾಗ "ನಿಮಗೆ ಶುಭದಿನವಾಗಲಿ" ಎಂದಳು. ಇಲ್ಲಿ ಎಲ್ಲರೂ ಎಲ್ಲರಿಗೂ ಅದನ್ನೇ ಹೇಳುತ್ತಾರೆ, ನಿಮ್ಮ ಸಾಮಾನು ಕಿತ್ತುಕೊಂಡವರೂ.

ಪ್ರಮೀಳಾ ಕಾರು ಓಡಿಸುತ್ತ ನಾಲ್ಕು ತಾಸು ಕರೆದೊಯ್ದಳು. ರಸ್ತೆ ಎಂದರೆ ರಸ್ತೆ. ಹೊಟ್ಟೆಯೊಳಗಿನ ನೀರು ಅಲ್ಲಾಡಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಡೀ ಆಯುಷ್ಯ ಆಟೋದಲ್ಲಿ ಕುಣಿದ ನನ್ನ ಸೊಂಟ ಬೆರಗಾಗಿ ಸುಮ್ಮನೆ ಕುಳಿತಿತ್ತು. ಊರು ಹತ್ತಿರವಾದಾಗ ಎಡಗಡೆ ಮೂರಂತಸ್ತಿನ ದೊಡ್ಡ ಕಟ್ಟಡ ಕಂಡಿತು. ಗಾಜಿನ ಬಾಗಿಲಿಗೆ ಹಲಗೆ ಹೊಡೆದಿದ್ದರು. ಅಂಗಳದ ಬಿರುಕುಗಳಲ್ಲಿ ಮೊಳಕಾಲೆತ್ತರ ಹುಲ್ಲು.

"ಇದೇನ ಪಮ್ಮಿ?"

"ನಮ್ಮೂರ ದವಾಖಾನಿ. ಮುಚ್ಚಿ ಎರಡು ವರ್ಷ ಆತು."

"ಮತ್ತ ಹೊಸಾದು ಎಲ್ಲಿ ಕಟ್ಟ್ಯಾರ?"

ಅವಳು ನನ್ನ ಮುಖ ನೋಡಿದಳು. "ಹೊಸಾದು ಅಂದ್ರ? ಮುಚ್ಚಿದ್ರು, ಅಷ್ಟ."

ನನಗೆ ತಿಳಿಯಲಿಲ್ಲ. ನಮ್ಮಲ್ಲಿ ದವಾಖಾನೆ ಸೋರುತ್ತದೆ, ಡಾಕ್ಟರು ಬರುವುದಿಲ್ಲ, ಔಷಧಿ ಮುಗಿಯುತ್ತದೆ. ಅದೆಲ್ಲ ಕಂಡಿದ್ದೇನೆ. ಆದರೆ ಕಟ್ಟಿ, ಹಾಸಿಗೆ ಹಾಕಿ, ಸಾವಿರಾರು ಹೆರಿಗೆ ಮಾಡಿಸಿದ ಮೂರಂತಸ್ತಿನ ದವಾಖಾನೆಗೆ ಹಲಗೆ ಹೊಡೆದು ಹೋಗುವುದನ್ನು ಕಂಡಿರಲಿಲ್ಲ.

ಬಾಜೂಮನೆಯ ಡೇಲ್

ಆ ಓಣಿಯಲ್ಲಿ ಮನೆಗಳಿಗೆ ಕಂಪೌಂಡೂ ಇಲ್ಲ, ಕಟ್ಟೆಯೂ ಇಲ್ಲ. ಜನರೂ ಇಲ್ಲ ಎಂದೇ ತಿಳಿದಿದ್ದೆ. ಮೂರನೆಯ ದಿನ ಮುಂಜಾನೆ ಬಾಜೂಮನೆಯ ಮನುಷ್ಯ ಹೊರಗೆ ಬಂದ. ಐವತ್ತರ ಆಸುಪಾಸು, ಬಾಗಿಲು ತುಂಬುವಂಥ ಆಳು. ಹೆಸರು ಡೇಲ್. ಮೊದಲು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದನಂತೆ. ಅದು ಮುಚ್ಚಿದ ಮೇಲೆ ಶಾಲೆಯ ಬಸ್ಸು ಓಡಿಸುತ್ತಿದ್ದ. ಪ್ರಮೀಳಾಳ ಅಂಗಳದ ಹುಲ್ಲು ಕತ್ತರಿಸಿಕೊಡುವವನು, ಹಿಮ ಬಿದ್ದಾಗ ದಾರಿ ಮಾಡಿಕೊಡುವವನು ಅವನೇ. ಅವನ ಮಾತನ್ನು ನಾನು ನನ್ನ ಕನ್ನಡದಲ್ಲೇ ಹೇಳುತ್ತೇನೆ. ಪ್ರಮೀಳಾ ನನಗೆ ಹಾಗೇ ಹೇಳಿದ್ದು.

ಡೇಲ್ ನಗುವಾಗ ತುಟಿ ಬಿಚ್ಚುತ್ತಿರಲಿಲ್ಲ. ಎಡಗೈ ಆಗಾಗ ದವಡೆಗೆ ಹೋಗುತ್ತಿತ್ತು. ಮೂವತ್ತೊಂದು ವರ್ಷ ಜನರ ಮುಖ ನೋಡಿದವಳಿಗೆ ಇನ್ನೇನು ಬೇಕು?

"ಹಲ್ಲು ಭಾಳ ನೋಯಸ್ತೈತೇನ್ರಿ?" ಎಂದು ಪ್ರಮೀಳಾಳಿಂದ ಕೇಳಿಸಿದೆ.

"ಒಂದು ವರ್ಷ ಆತ್ರಿ. ಈ ಶನಿವಾರ ಪುಕ್ಕಟೆ ಹಲ್ಲಿನ ಕ್ಯಾಂಪ್ ಐತಲ್ಲ, ಅದರಾಗ ತಗಸ್ತೇನಿ."

ಒಂದು ವರ್ಷ! ಮನೆಯೊಳಗೆ ಬಂದು ಪ್ರಮೀಳಾಳನ್ನು ದಬಾಯಿಸಿದೆ. "ಏನ ಮಂದಿ ನೀವು? ಹಲ್ಲು ಕೀಳಸಾಕ ಒಂದು ವರ್ಷ ಕಾಯ್ತಾರೇನ?"

"ವಿಮಾ ಇಲ್ಲ ಅವಗ. ದಿನಕ್ಕ ನಾಲ್ಕು ತಾಸು ಬಸ್ ಓಡಸೋರಿಗೆ ಕೊಡಂಗಿಲ್ಲ. ಹಲ್ಲಿನ ಡಾಕ್ಟರ್ ಹತ್ರ ಹ್ವಾದ್ರ ಎರಡು ತಿಂಗಳ ಪಗಾರ ಕೊಟ್ಟು ಬರಬೇಕು. ಅವನೊಬ್ಬನ ಅಲ್ಲ ಗಿರಿಜಾ, ಶನಿವಾರ ನೀನೂ ಬಾ, ನೋಡಂತಿ."

ನನ್ನ ಚೀಲದಲ್ಲಿದ್ದ ಲವಂಗದೆಣ್ಣೆಯ ಸೀಸೆ ಒಯ್ದು ಕೊಟ್ಟೆ, ಹತ್ತಿಯಲ್ಲಿ ಹೇಗೆ ಇಡಬೇಕೆಂದು ತೋರಿಸಿದೆ. ಮರುದಿನ ಮುಂಜಾನೆ ಅವನು ನಮ್ಮ ಬಾಗಿಲ ಮುಂದೆ ತನ್ನ ಹಿತ್ತಲಿನ ಟೊಮೆಟೊ ಒಂದು ಬುಟ್ಟಿ ಇಟ್ಟು ಹೋಗಿದ್ದ.

ಶನಿವಾರ

ಊರ ಹೊರಗೆ ದನಗಳ ಪ್ರದರ್ಶನ ನಡೆಯುವ ಬಯಲಿದೆ. ತಗಡಿನ ಉದ್ದ ಉದ್ದ ಕೊಟ್ಟಿಗೆಗಳು. ಬೆಳಗಿನ ಆರಕ್ಕೆ ಹೋದಾಗ ಬಯಲ ತುಂಬ ವಾಹನಗಳು ನಿಂತಿದ್ದವು. ನಾನು ಅವು ಖಾಲಿ ಇವೆ ಎಂದುಕೊಂಡಿದ್ದೆ. ಹತ್ತಿರ ಹೋದರೆ ಕಿಟಕಿಯ ಗಾಜಿಗೆಲ್ಲ ಉಸಿರಿನ ಮಂಜು. ಒಳಗೆ ಜನ ಕಂಬಳಿ ಹೊದ್ದು ಕುಳಿತೇ ಮಲಗಿದ್ದರು. ಹಿಂದಿನ ದಿನವೇ ಬಂದು ಪಾಳಿ ಹಿಡಿದವರು. ಮುದುಕರು, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಂದಿರು, ಕೆಲಸದ ಬೂಟು ಹಾಕಿಕೊಂಡೇ ಬಂದ ಗಂಡಸರು.

ಕೊಟ್ಟಿಗೆಯೊಳಗೆ ಎರಡು ಸಾಲು ಹಲ್ಲಿನ ಕುರ್ಚಿಗಳು. ನೆಲ ತೊಳೆದಿದ್ದರು, ಆದರೆ ಸೆಗಣಿಯ ವಾಸನೆ ಹೋಗಿರಲಿಲ್ಲ. ಎಲ್ಲೆಲ್ಲಿಂದಲೋ ಬಂದ ಡಾಕ್ಟರುಗಳು ಬಿಟ್ಟಿಯಾಗಿ ಕೆಲಸ ಮಾಡುತ್ತಿದ್ದರು. ಅವರಿಗೆ ಕೈ ಮುಗಿಯಬೇಕು. ನನಗೆ ಅಲ್ಲಿ ಸೂಜಿ ಮುಟ್ಟುವ ಅಧಿಕಾರವಿಲ್ಲ. ಚೀಟಿಯ ನಂಬರು ಕೂಗಿ ಜನರನ್ನು ಕುರ್ಚಿಗೆ ಕಳಿಸುವ ಕೆಲಸ ಕೊಟ್ಟರು. ನನ್ನ ಇಂಗ್ಲಿಷ್ ಅಂಕಿಗಳು ಅವರಿಗೆ ತಿಳಿಯಲಿಲ್ಲ. ಹದಿಮೂರು ಎಂದು ಕೂಗಿದರೆ ಮೂವತ್ತರವನು ಎದ್ದು ಬಂದ. ಕೊನೆಗೆ ಹಾಳೆಯ ಮೇಲೆ ಬರೆದು ಎತ್ತಿ ಹಿಡಿದೆ.

ಒಬ್ಬಳು ಹುಡುಗಿ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಮೇಲಿನ ಹಲ್ಲು ಎಲ್ಲ, ಒಂದೂ ಬಿಡದೆ, ಕೀಳಿಸಿಕೊಂಡು ಬಂದು ನನ್ನ ಬದಿಯ ಬೆಂಚಿನ ಮೇಲೆ ಕುಳಿತಳು. ಬಾಯಿ ತುಂಬ ಹತ್ತಿ. ಅಳುತ್ತಾಳೆ ಎಂದುಕೊಂಡು ಕೈ ಹಿಡಿದೆ. ಅವಳು ತನ್ನ ಫೋನಿನಲ್ಲಿ ಏನೋ ಬರೆದು ನನಗೆ ತೋರಿಸಿದಳು. ಪ್ರಮೀಳಾ ಓದಿ ಹೇಳಿದಳು: "ಇವತ್ತು ಎಷ್ಟು ಸಮಾಧಾನ ಆತು ಅಂತ ಹೇಳಾಕ ಆಗಂಗಿಲ್ಲ."

ನಮ್ಮ ಹಳ್ಳಿಗಳ ಕಣ್ಣಿನ ಶಿಬಿರ, ಹಲ್ಲಿನ ಶಿಬಿರ ನಾನೇ ಎಷ್ಟೋ ನಡೆಸಿದ್ದೇನೆ. ಶಾಲೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಮುದುಕರನ್ನು ಕೂಡಿಸಿದ್ದೇನೆ. ಬಡತನವಿದೆ, ಅದಕ್ಕೇ ಶಿಬಿರ ಎಂದು ನಮಗೆ ನಾವೇ ಹೇಳಿಕೊಳ್ಳುತ್ತಿದ್ದೆವು. ಇಲ್ಲಿ ಏನು ಹೇಳಬೇಕು? ಹೊರಗೆ ಆ ನುಣ್ಣನೆಯ ರಸ್ತೆ ಇತ್ತು. ಒಳಗೆ ದನದ ಕೊಟ್ಟಿಗೆಯಲ್ಲಿ ಒಬ್ಬ ಹರೆಯದ ಹುಡುಗಿ ಹಲ್ಲು ಕಳೆದುಕೊಂಡು ಸಮಾಧಾನಪಡುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಡೇಲ್‌ನ ಪಾಳಿ ಬಂತು. ಎರಡು ದಿನದಲ್ಲಿ ಮುಖದ ಆಕಾರವೇ ಬೇರೆಯಾಗಿತ್ತು. ಬಾವು ಗಲ್ಲದಿಂದ ಇಳಿದು ಗದ್ದದ ಕೆಳಗೆ, ಕೊರಳ ತನಕ ಬಂದಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯದು. ಜೊಲ್ಲು ನುಂಗಲಾರದೆ ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದ. ಮುಟ್ಟಿ ನೋಡಿದೆ. ಕಲ್ಲು.

ಇಂಥದ್ದನ್ನು ಒಮ್ಮೆ ಕಂಡಿದ್ದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಹಲ್ಲುನೋವಿಗೆ ತಂಬಾಕು ಇಟ್ಟುಕೊಂಡೇ ವಾರ ಕಳೆದ ಒಬ್ಬ ಬಡಿಗೇರನನ್ನು ಟ್ರ್ಯಾಕ್ಟರಿನಲ್ಲಿ ತಂದಿದ್ದರು. ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಬಾವು ಉಸಿರಿನ ದಾರಿ ಮುಚ್ಚಿತು. ನಾನು ಅವನ ತಲೆ ಹಿಡಿದುಕೊಂಡಿದ್ದೆ.

"ಪಮ್ಮಿ," ಎಂದೆ, "ಇವ ಹಲ್ಲು ಕೀಳಸೂ ಪೇಶೆಂಟ್ ಅಲ್ಲ. ಇವನ ಉಸಿರು ನಿಲ್ತೈತಿ. ಲಗೂ ದೊಡ್ಡ ದವಾಖಾನಿಗೆ ಒಯ್ಯಬೇಕು."

ಕ್ಯಾಂಪಿನ ಡಾಕ್ಟರೂ ಅದನ್ನೇ ಹೇಳಿದರು. ಬೆರಳು ಚುಚ್ಚಿ ಸಕ್ಕರೆ ನೋಡಿದರು. ಯಂತ್ರ ಅಂಕಿ ತೋರಿಸಲೇ ಇಲ್ಲ, 'ಅತಿ ಹೆಚ್ಚು' ಎಂದು ಮಾತ್ರ ತೋರಿಸಿತು. ಆಗ ಹೊರಬಿತ್ತು: ಡೇಲ್‌ಗೆ ಸಕ್ಕರೆ ಕಾಯಿಲೆ ಇದ್ದದ್ದು ಪ್ರಮೀಳಾಗೂ ಗೊತ್ತಿತ್ತು, ಆದರೆ ಇನ್ಸುಲಿನ್ ತುಟ್ಟಿ ಎಂದು ಎಂಟು ತಿಂಗಳಿಂದ ಅವನು ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುತ್ತಿದ್ದದ್ದು ಗೊತ್ತಿರಲಿಲ್ಲ. "ಬಾಜೂಮನಿ ನರ್ಸ್ ನಾನು. ನನಗ ಯಾಕ ಹೇಳಲಿಲ್ಲೋ?" ಎಂದು ಕನ್ನಡದಲ್ಲೇ ಅವನನ್ನು ಕೇಳಿದಳು. ಅವನಿಗೆ ಏನು ತಿಳಿಯಬೇಕು, ಆದರೆ ತಲೆ ತಗ್ಗಿಸಿದ.

ಡಾಕ್ಟರು ಅಂಬುಲೆನ್ಸಿಗೆ ಫೋನು ತೆಗೆದರು. ಆಗ ನಡೆದದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅಷ್ಟು ಹೊತ್ತು ಮಾತನಾಡಲು ಆಗದೆ ಕುಳಿತಿದ್ದವನು ಎದ್ದು ಡಾಕ್ಟರ ಮುಂಗೈ ಹಿಡಿದ. ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದ. ಅಂಬುಲೆನ್ಸ್ ಬಂದರೆ ಆ ಬಿಲ್ಲಿಗೆ ಮನೆಯೇ ಹೋಗುತ್ತದೆ ಎಂದು ತೊದಲಿದ. ಕೈ ಬಿಡಿಸಿಕೊಂಡು ತನ್ನ ಗಾಡಿಯ ಕಡೆ ನಡೆದೇಬಿಟ್ಟ. ಉಸಿರು ನಿಲ್ಲಲಿರುವ ಮನುಷ್ಯ ತನ್ನನ್ನು ಉಳಿಸಲು ಬರುವ ವಾಹನಕ್ಕೆ ಹೆದರಿ ಓಡುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ನಮ್ಮಲ್ಲಿ ಅಂಬುಲೆನ್ಸ್ ತಡವಾಗಿ ಬಂತೆಂದು ಜನ ಬೈಯುತ್ತಾರೆ, ಕಲ್ಲೂ ಎಸೆದಿದ್ದಾರೆ.

ಪ್ರಮೀಳಾ ಅವನ ಹಿಂದೆ ಓಡಿದಳು. "ಡೇಲ್, ನನ್ನ ಕಾರಿನ್ಯಾಗ ಹತ್ತು. ಇದಕ್ಕ ಬಿಲ್ ಇಲ್ಲ."

ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಮುಂದಿನ ದವಾಖಾನೆಗೆ ಫೋನು ಮಾಡಿದರು. ಅದು ಒಂದು ತಾಸಿನ ದಾರಿ. ನಾನು ಹಿಂದಿನ ಸೀಟಿನಲ್ಲಿ ಅವನನ್ನು ಎದೆಗೆ ಆನಿಸಿಕೊಂಡು ನೆಟ್ಟಗೆ ಕೂಡಿಸಿದೆ. ಒರಗಿದರೆ ನಾಲಿಗೆ ಹಿಂದೆ ಬೀಳುತ್ತದೆ. ಅವನ ಉಸಿರು ಗೊರಗೊರ ಎನ್ನುತ್ತಿತ್ತು. ಹಲಗೆ ಹೊಡೆದ ಆ ಮೂರಂತಸ್ತಿನ ದವಾಖಾನೆ ಕಿಟಕಿಯಲ್ಲಿ ಬಂತು, ಹೋಯಿತು. ಕ್ಯಾಂಪಿನಿಂದ ಅಲ್ಲಿಗೆ ಆರೇ ನಿಮಿಷ. ಮುಂದಿನ ದಾರಿಯುದ್ದಕ್ಕೂ ನಾನು ಅವನ ಬೆನ್ನು ತಟ್ಟುತ್ತ "ಉಸಿರು ತಗೊಳ್ರಿ, ಇನ್ನೊಂದು, ಇನ್ನೊಂದು" ಎಂದು ಹೇಳುತ್ತಲೇ ಇದ್ದೆ. ಕನ್ನಡದಲ್ಲಿ. ಅವನು ತೆಗೆದುಕೊಳ್ಳುತ್ತಲೇ ಇದ್ದ.

ಬಾಗಿಲಲ್ಲೇ ಅವರು ಅವನನ್ನು ಒಳಗೆ ಎಳೆದುಕೊಂಡರು. ಕೊರಳಲ್ಲಿ ತೂತು ಮಾಡಿ ಉಸಿರಿನ ನಳಿಗೆ ಹಾಕಿದರು. ಇನ್ನು ಕಾಲು ತಾಸು ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ಅಂಥ ದವಾಖಾನೆ ನಾನು ನೋಡಿಲ್ಲ. ನೆಲದಲ್ಲಿ ಮುಖ ಕಾಣುತ್ತಿತ್ತು, ಪ್ರತಿ ಹಾಸಿಗೆಗೂ ಅದರದೇ ಯಂತ್ರ. ವಿದ್ಯೆ ಇದೆ, ಯಂತ್ರ ಇದೆ, ಕೈಯಲ್ಲಿ ಗುಣ ಇದೆ. ಅದನ್ನು ಮುಟ್ಟುವ ದಾರಿಯೇ ಮುಚ್ಚಿದೆ.

ಸೋಮವಾರ ನೋಡಲು ಹೋದೆವು. ನಳಿಗೆ ಇದ್ದುದರಿಂದ ಮಾತಿಲ್ಲ. ಪ್ರಮೀಳಾ ಕಾಗದ ಪೆನ್ನು ಕೊಟ್ಟಳು. ಅವನು ಮೊದಲು ಬರೆದದ್ದು: "ಅಂಬುಲೆನ್ಸ್ ಕರೆದಿದ್ರೇನು?"

"ಇಲ್ಲ," ಎಂದಳು ಪ್ರಮೀಳಾ, "ನನ್ನ ಕಾರ."

ಅವನು ಕಣ್ಣು ಮುಚ್ಚಿದ. ಮುಖದ ಗಂಟು ಸಡಿಲಾಯಿತು.

ಸಭೆ

ಎರಡನೆಯ ವಾರ ಜಿಲ್ಲೆಯ ಸಭೆ ಇತ್ತು. ಪ್ರಮೀಳಾಳ ಆರೋಗ್ಯ ಕಚೇರಿಯ ಹಣೆಬರಹ ಅಂದು ತೀರ್ಮಾನವಾಗಬೇಕಿತ್ತು. ಸರಕಾರ ಮೇಲಿನಿಂದ ಕೊಡುತ್ತಿದ್ದ ಅನುದಾನ ನಿಲ್ಲಿಸಿತ್ತು. ಜಿಲ್ಲೆ ತನ್ನ ಬೊಕ್ಕಸದಿಂದ ಕೊಟ್ಟರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಇಲಕಲ್ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕುಳಿತೆ. ಏಳು ಜನ ಸದಸ್ಯರು. ಅಧ್ಯಕ್ಷ ಹಾರ್ಡ್‌ವೇರ್ ಅಂಗಡಿಯವನು, ಬಹಳ ಸೌಮ್ಯ. ನನ್ನನ್ನು ನೋಡಿ "ಎಷ್ಟು ದೂರದಿಂದ ಬಂದೀರಿ!" ಎಂದು ಕೈ ಕುಲುಕಿದ.

ನಮ್ಮ ಸಭೆಗಳ ಹಾಗೆ ಅಲ್ಲಿ ಯಾರೂ ಕೂಗಾಡಲಿಲ್ಲ, ಕುರ್ಚಿ ಎಸೆಯಲಿಲ್ಲ. ಮೊದಲ ವಿಷಯ, ಜೇಲಿಗೆ ಇನ್ನೊಂದು ಭಾಗ ಕಟ್ಟುವುದು. ಮಂಜೂರು. ಎರಡನೆಯದು, ಪೊಲೀಸರಿಗೆ ಗುಂಡು ನಾಟದ ದೊಡ್ಡ ವಾಹನ. ಸೈನ್ಯ ಬಳಸಿ ಬಿಟ್ಟದ್ದಂತೆ, ಬಿಟ್ಟಿಯಾಗಿ ಬರುತ್ತದಂತೆ. ಆದರೆ ಅದನ್ನು ನಿಲ್ಲಿಸಲು ಶೆಡ್ಡು ಕಟ್ಟಬೇಕು, ಡ್ರೈವರಿಗೆ ತರಬೇತಿ ಕೊಡಬೇಕು. ಅದರ ಚಿತ್ರ ಪರದೆಯ ಮೇಲೆ ತೋರಿಸಿದರು. ಯುದ್ಧಕ್ಕೆ ಹೋಗುವ ಗಾಡಿ. ಆ ಊರಲ್ಲಿ ನಾನು ಕಂಡ ದೊಡ್ಡ ಗದ್ದಲವೆಂದರೆ ಅಂಗಳದಲ್ಲಿ ಹೆಬ್ಬಾತುಗಳು ಕಚ್ಚಾಡಿದ್ದು. ಮಂಜೂರು.

ಮೂರನೆಯದು ಆರೋಗ್ಯ ಕಚೇರಿ. ಪ್ರಮೀಳಾಗೆ ಮಾತನಾಡಲು ಮೂರು ನಿಮಿಷ. ಮುಂದೆ ಗಡಿಯಾರ ಹಿಂದೆಹಿಂದೆ ಓಡುತ್ತಿತ್ತು. ಅವಳು ಡೇಲ್‌ನ ಹೆಸರು ಹೇಳದೆ ಅವನ ಕಥೆ ಹೇಳಿದಳು. ಪಕ್ಕದ ಜಿಲ್ಲೆಯಲ್ಲಿ ದಡಾರ ಎದ್ದಿದೆ, ನಮ್ಮ ಶಾಲೆಯಲ್ಲಿ ಲಸಿಕೆ ಇಲ್ಲದ ಮಕ್ಕಳು ಎಷ್ಟೋ ಜನ ಇದ್ದಾರೆ ಎಂದಳು. "ನೀವು ಶೆಡ್ ಕಟ್ಟತೀರಿ, ಅದರಾಗ ನಿಲ್ಲೂ ಗಾಡಿ ಯಾರ ಜೋಡಿ ಯುದ್ಧ ಮಾಡ್ತೈತ್ರಿ? ನಮ್ಮ ಮಕ್ಕಳನ ಕೊಲ್ಲೂದು—" ಅಷ್ಟರಲ್ಲಿ ಗಂಟೆ ಹೊಡೆಯಿತು. ಅಧ್ಯಕ್ಷ ಮೆಲ್ಲಗೆ, "ಥ್ಯಾಂಕ್ಯೂ ಪಾಮ್" ಎಂದ. ಪ್ರಮೀಳಾ ಅಲ್ಲಿಯವರ ಬಾಯಲ್ಲಿ ಪಾಮ್.

ಒಬ್ಬ ಸದಸ್ಯೆ ಹೇಳಿದಳು: "ಪಾಮ್ ಮ್ಯಾಲೆ ನಮಗೆಲ್ಲಾ ಪ್ರೀತಿ ಐತಿ. ನನ್ನ ಮೂರೂ ಮಕ್ಕಳಿಗೆ ಆಕಿನ ಸೂಜಿ ಹಾಕ್ಯಾಳ. ಆದ್ರ ಆರೋಗ್ಯ ಅವರವರ ಸ್ವಂತ ಜವಾಬ್ದಾರಿ."

ಕೈ ಎತ್ತಿದರು. ಮುಚ್ಚಲು ಐದು, ಉಳಿಸಲು ಎರಡು. ತಿಂಗಳ ಕೊನೆಗೆ ಕಚೇರಿ ಬಂದ್.

ನನ್ನ ಸಿಟ್ಟು ಯಾರ ಮೇಲೆ ಹಾಕಲಿ? ಯಾರೂ ಕೆಟ್ಟವರ ಹಾಗೆ ಕಾಣಲಿಲ್ಲ. ಬಾಗಿಲ ಹತ್ತಿರ ಕಾಫಿ, ಬಿಸ್ಕೀಟು ಇಟ್ಟಿದ್ದರು. ಆ ಸದಸ್ಯೆ ಪ್ರಮೀಳಾಳನ್ನು ತಬ್ಬಿಕೊಂಡು ಕಣ್ಣೀರು ಒರೆಸಿಕೊಂಡಳು. ಈಗಷ್ಟೇ ಎತ್ತಿದ್ದ ಅದೇ ಕೈಯಿಂದ. ಕಾರಿನಲ್ಲಿ ನಾನು ಕೇಳಿದೆ, "ಇಷ್ಟು ಶ್ರೀಮಂತ ದೇಶ ಪಮ್ಮಿ. ಒಬ್ಬ ನರ್ಸಿನ ಪಗಾರ ಹೊರಿ ಆತೇನ?"

"ನನಗೂ ಇಪ್ಪತ್ತಾರು ವರ್ಷದಾಗ ತಿಳೀಲಿಲ್ಲ," ಎಂದಳು. "ನಿನಗ ಎರಡು ವಾರದಾಗ ತಿಳೀತೈತೇನ?"

ನಮ್ಮಲ್ಲಿ ಎಲ್ಲ ನೆಟ್ಟಗಿದೆ ಎಂದು ನಾನು ಹೇಳಲಾರೆ. ಹುಬ್ಬಳ್ಳಿಯಲ್ಲಿ ಇವತ್ತು ಯಾವ ರಸ್ತೆಗೆ ಹೋದರೂ ಖಾಸಗಿ ಆಸ್ಪತ್ರೆಯ ಬೋರ್ಡು, ಒಳಗೆ ಹೋದವರು ಹೊಲ ಮಾರಿ ಹೊರಗೆ ಬರುವುದೂ ಗೊತ್ತು. ಆದರೆ ನಾವು ಎತ್ತ ಹೋಗಬೇಕೆಂದು ಕನಸು ಕಾಣುತ್ತೇವೋ ಆ ಊರನ್ನು ನಾನು ನೋಡಿಬಿಟ್ಟಿದ್ದೆ. ಅದೇ ನನ್ನನ್ನು ಹೆದರಿಸಿದ್ದು.

ಕೊನೆಯ ದಿನ, ಐದಕ್ಕೆ ಇಪ್ಪತ್ತು ನಿಮಿಷ

ಡೇಲ್ ಮೂರು ವಾರಕ್ಕೆ ಮನೆಗೆ ಬಂದ. ಕೊರಳಲ್ಲಿ ಗಾಯದ ಗುರುತು, ಎಡಗಡೆ ಹಲ್ಲಿಲ್ಲ. ಸಕ್ಕರೆ ಹತೋಟಿಗೆ ಬರುವತನಕ ಬಸ್ಸು ಓಡಿಸುವಂತಿಲ್ಲ. ಸಂಜೆ ಮೂರೂವರೆಗೆ ಮಕ್ಕಳ ಬಸ್ಸು ಓಣಿಯಲ್ಲಿ ಬಂದಾಗ ಹೊರಗೆ ಬಂದು ನಿಲ್ಲುತ್ತಿದ್ದ. ಮಕ್ಕಳು ಕಿಟಕಿಯಿಂದ ಕೂಗುತ್ತಿದ್ದರು, ಅವನು ಕೈ ಬೀಸುತ್ತಿದ್ದ. ದವಾಖಾನೆಯಿಂದ ಬಿಲ್ಲಿನ ಕಾಗದಗಳು ಬರತೊಡಗಿದ್ದವು. ಪ್ರಮೀಳಾ ದಿನಾ ಸಂಜೆ ಹೋಗಿ ಅವನು ಇನ್ಸುಲಿನ್ ತೆಗೆದುಕೊಂಡನೋ ಇಲ್ಲವೋ ನೋಡಿ ಬರುತ್ತಿದ್ದಳು. ಕಾಗದಗಳ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ತಿಂಗಳ ಕೊನೆಯ ದಿನ ನಾನೂ ಅವಳ ಕಚೇರಿಗೆ ಹೋದೆ. ಗೋಡೆಯ ಮೇಲಿನ ಮಕ್ಕಳ ಚಿತ್ರ ತೆಗೆದೆವು, ತೂಕದ ಯಂತ್ರಕ್ಕೆ ಚೀಟಿ ಅಂಟಿಸಿದೆವು. ಉಳಿದ ಲಸಿಕೆಗಳನ್ನು ಮರುದಿನ ರಾಜ್ಯದ ಉಗ್ರಾಣದವರು ಒಯ್ಯುವವರಿದ್ದರು. ಪ್ರಮೀಳಾ ಫ್ರಿಜ್ಜಿನ ತಾಪಮಾನ ಬರೆಯುವ ಪುಸ್ತಕದಲ್ಲಿ ಕೊನೆಯ ಸಲ ಬರೆದು ಸಹಿ ಮಾಡಿದಳು.

ಬಾಗಿಲು ಬಡಿದ ಸದ್ದಾಯಿತು. ಒಬ್ಬ ಹರೆಯದ ತಾಯಿ, ಹೋಟೆಲ್ ಕೆಲಸದ ಏಪ್ರನ್ನಿನಲ್ಲೇ ಬಂದಿದ್ದಳು. ಕೈಯಲ್ಲಿ ಐದು ವರ್ಷದ ಹೆಣ್ಣುಮಗು. ಇಷ್ಟು ದಿನ ಲಸಿಕೆ ಬೇಡ ಎಂದು ಕುಳಿತವಳು. ಈಗ ಅವಳ ತಂಗಿಯ ಮಗು ಪಕ್ಕದ ಜಿಲ್ಲೆಯಲ್ಲಿ ದಡಾರದಿಂದ ದವಾಖಾನೆ ಸೇರಿತ್ತಂತೆ. ಬಾಗಿಲ ಮೇಲಿನ ನೋಟೀಸು ಓದಿ ಅಳುತ್ತಿದ್ದಳು. "ತಡಾ ಮಾಡಿದೆ, ಭಾಳ ತಡಾ ಮಾಡಿದೆ" ಎನ್ನುತ್ತಿದ್ದಳು.

ದಡಾರ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನನ್ನ ಹಳ್ಳಿಗಳಲ್ಲಿ ಒಂದೂ ಕಂಡಿರಲಿಲ್ಲ.

ಪ್ರಮೀಳಾ ಗೋಡೆಯ ಗಡಿಯಾರ ನೋಡಿದಳು. "ಐದಕ್ಕ ಇನ್ನೂ ಇಪ್ಪತ್ತು ನಿಮಿಷ ಐತಿ," ಎಂದಳು ನನಗೆ. ಕೈ ತೊಳೆದಳು. ಫ್ರಿಜ್ಜು ತೆಗೆದಳು. ಕುರ್ಚಿಗಳೆಲ್ಲ ಒಂದರ ಮೇಲೊಂದು ಕಟ್ಟಿದ್ದರಿಂದ ನಾನು ಒಂದು ಪೆಟ್ಟಿಗೆಯ ಮೇಲೆ ಕುಳಿತು ಮಗುವನ್ನು ನನ್ನ ತೊಡೆಯ ಮೇಲೆ ಕೂಡಿಸಿಕೊಂಡೆ. ಅದು ನನ್ನ ಬಳೆಗಳನ್ನು ಎಣಿಸುತ್ತಿರುವಾಗಲೇ ಸೂಜಿ ಮುಗಿದಿತ್ತು. ಎರಡು ಕ್ಷಣ ಬಿಟ್ಟು ಅದಕ್ಕೆ ಅಳು ನೆನಪಾಯಿತು.

ತಾಯಿ ಕಣ್ಣೊರೆಸಿಕೊಂಡು ಕೇಳಿದಳು, "ಇನ್ನೊಂದು ಸಲ ಹಾಕಸಬೇಕು ಅಲ್ರಿ? ಯಾವಾಗ ಬರ್ಲಿ?"

"ನಾಲ್ಕು ವಾರ ಬಿಟ್ಟು," ಎಂದು ಪ್ರಮೀಳಾ ಹೊಸ ಕಾರ್ಡು ತೆಗೆದಳು. ಮಗುವಿನ ಹೆಸರು ಬರೆದಳು. ಇಂದಿನ ತಾರೀಖು ಬರೆದಳು. ಮುಂದಿನ ತಾರೀಖಿನ ಚೌಕದಲ್ಲಿ ಲೆಕ್ಕ ಹಾಕಿ ತುಂಬಿದಳು. ಅದರ ಪಕ್ಕದ ಚೌಕ, ಯಾವ ಕೇಂದ್ರ ಎಂಬುದು. ಅಲ್ಲಿ ಪೆನ್ನು ನಿಂತಿತು. ಇಪ್ಪತ್ತಾರು ವರ್ಷ ಕಣ್ಣು ಮುಚ್ಚಿ ಬರೆದ ಜಾಗ ಅದು. ಒಂದು ತಾಸಿನ ದಾರಿಯೊಳಗೆ ಎಲ್ಲೂ ಬೇರೆ ಕೇಂದ್ರ ಇರಲಿಲ್ಲ. ತಾಯಿ ಕಾಯುತ್ತಿದ್ದಳು. ಪ್ರಮೀಳಾ ನನ್ನ ಮುಖ ನೋಡಿದಳು.

ಅವಳು ಆ ಚೌಕವನ್ನು ಖಾಲಿ ಬಿಟ್ಟು ಕಾರ್ಡು ಕೊಟ್ಟಳು.